ದುಡ್ಡು ಕೊಟ್ಟು ಓದೋ ಇಮೇಲ್

ಇಮೇಲ್ ಅಂದ್ರೆ ನಮಗೆಲ್ಲ ಏನು ನೆನಪಿಗೆ ಬರುತ್ತೆ? ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ಕೆಲಸ, ರೈಲ್ವೆ ಟಿಕೆಟ್ಟು, ಯಾವತ್ತೋ ಒಂದ್ ಶರ್ಟ್ ತಗೊಂಡಿದ್ದ ಅಂಗಡಿಯಿಂದ ಇವತ್ತಿಗೂ ಬರ್ತಾನೇ ಇರೋ ಆಫರ್‌ಗಳು. ಅಂಥ ಜಾಗಕ್ಕೆ ಒಬ್ರು ಬರಹಗಾರರು ವಾರಕ್ಕೆ ಎರಡೋ ಮೂರೋ ಸಲ ಬರೆದು ಕಳಿಸ್ತಾರೆ, ಓದೋರು ಅದಕ್ಕೆ ತಿಂಗಳಿಗೆ 5 ಡಾಲರ್, ಅಂದ್ರೆ ನಮ್ಮ ಲೆಕ್ಕದಲ್ಲಿ ನಾನೂರು ರೂಪಾಯಿಗೂ ಮೇಲೆ ಕೊಡ್ತಾರೆ ಅಂದ್ರೆ ನಂಬೋದು ಕಷ್ಟ. ಆದ್ರೆ ಕೊಡ್ತಿದಾರೆ. ಬರಹಗಾರರ ಇಮೇಲ್ ಪತ್ರ ಓದುಗರಿಗೆ ಕಳಿಸಿ ಚಂದಾ ವಸೂಲಿ ಮಾಡ್ಕೊಡೋ ಸಬ್‌ಸ್ಟ್ಯಾಕ್ ಅನ್ನೋ ಒಂದು ಕಂಪನೀಲಿ ದುಡ್ಡು ಕಟ್ಟಿದ ಚಂದಾಗಳ ಸಂಖ್ಯೆ 2021ರ ನವೆಂಬರ್‌ನಲ್ಲಿ 10 ಲಕ್ಷ ಆಯ್ತು, 2023ರ ಶುರುವಿಗೆ 20 ಲಕ್ಷ, 2025ರ ಮಾರ್ಚ್‌ಗೆ 50 ಲಕ್ಷ. ಇದು ಚಂದಾಗಳ ಲೆಕ್ಕ, ಜನರ ಲೆಕ್ಕ ಅಲ್ಲ, ಒಬ್ರೇ ನಾಲ್ಕೈದಕ್ಕೆ ಕಟ್ಟಿರಬಹುದು. ಹಾಗಿದ್ರೂ, ಇಂಟರ್ನೆಟ್ಟಲ್ಲಿ ಎಲ್ಲಾ ಪುಕ್ಕಟೆ ಸಿಗ್ಬೇಕು ಅಂತ ಇಪ್ಪತ್ತು ವರ್ಷ ಅಭ್ಯಾಸ ಆಗಿರೋ ಜನ ಬರೀ ಓದೋದಕ್ಕೆ ದುಡ್ಡು ಕೊಡ್ತಿದಾರೆ ಅನ್ನೋದು ಸಣ್ಣ ವಿಷಯ ಅಲ್ಲ.

ಇದು ಇವತ್ತಿನ ಹೊಸ ಐಡಿಯಾ ಅನ್ಕೊಂಡಿದ್ರೆ ಒಂದು ಹಳೇ ಕಥೆ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಆದ್ರೆ ಇವತ್ತಿನ ಮಾತಿಗೆಲ್ಲ ಬುಡ ಅದೇ. ಐ.ಎಫ್. ಸ್ಟೋನ್ ಅಂತ ವಾಷಿಂಗ್ಟನ್ನಿನಲ್ಲಿ ಒಬ್ರು ಪತ್ರಕರ್ತರಿದ್ರು. ಅವರು ಬರೀತಿದ್ದ ಡೈಲಿ ಕಂಪಾಸ್ ಅನ್ನೋ ಪತ್ರಿಕೆ 1952ರ ನವೆಂಬರ್‌ನಲ್ಲಿ ಮುಚ್ಚಿಹೋಯ್ತು. ಅದು ಸೆನೆಟರ್ ಮೆಕಾರ್ಥಿ ಕಮ್ಯುನಿಸ್ಟರನ್ನ ಹುಡುಕಿ ಹುಡುಕಿ ಬೆನ್ನಟ್ಟುತ್ತಿದ್ದ ಕಾಲ, ಎಡಪಂಥದವರು ಅಂತ ಹೆಸರು ಬಿದ್ದೋರಿಗೆ ಬೇರೆ ಕಡೆ ಕೆಲಸ ಸಿಗೋ ಹಾಗಿರಲಿಲ್ಲ. 1953ರ ಜನವರೀಲಿ ಅವರು ನಾಲ್ಕೇ ಪುಟದ ಒಂದು ವಾರಪತ್ರ ಶುರು ಮಾಡಿದ್ರು, ತಮ್ಮದೇ ಹೆಸರಲ್ಲಿ, ವರ್ಷಕ್ಕೆ 5 ಡಾಲರ್, ಅಂಚೇಲಿ ಮನೆಗೆ ಬರುತ್ತೆ, ಜಾಹೀರಾತು ಇಲ್ಲ. ಹೆಂಡತಿ ಎಸ್ತರ್ ಚಂದಾ ವ್ಯವಹಾರ ಎಲ್ಲ ನೋಡ್ಕೊಳ್ತಿದ್ರು. ಶುರು ಮಾಡಿದಾಗ 5,300 ಚಂದಾದಾರರು. ಅಷ್ಟು ಜನ ಎಲ್ಲಿಂದ ಬಂದ್ರು ಅಂದ್ರೆ, ಅವರು ಮೊದಲು ಕೆಲಸ ಮಾಡಿ ಮುಚ್ಚಿಹೋಗಿದ್ದ ಪತ್ರಿಕೆಗಳ ಚಂದಾದಾರರ ವಿಳಾಸದ ಪಟ್ಟಿಗಳು ಅವರ ಕೈಗೆ ಸಿಕ್ಕಿದ್ವು. ಈ ವಿಳಾಸದ ಪಟ್ಟಿ ಅನ್ನೋದನ್ನ ತಲೇಲಿ ಇಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಸ್ಟೋನ್ ಅವರಿಗೆ ಮಂತ್ರಿಗಳ ಪರಿಚಯ ಇರಲಿಲ್ಲ, ಪಾರ್ಟಿಗೆ ಕರೆಯೋರಿರಲಿಲ್ಲ. ಅವರು ಮಾಡ್ತಿದ್ದ ಕೆಲಸ ಓದೋದು. ಸರ್ಕಾರದ ವರದಿ, ಸಂಸತ್ತಿನ ಸಮಿತಿಗಳ ದಾಖಲೆ, ಪತ್ರಿಕೆಗಳ ಮೂಲೇಲಿ ಬಂದಿರೋ ಎರಡು ಸಾಲಿನ ಸುದ್ದಿ. 1957ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ನೆವಾಡಾದಲ್ಲಿ ಮೊದಲ ಸಲ ಪೂರ್ತಿ ನೆಲದೊಳಗೇ ಉಳಿಯೋ ಹಾಗೆ ಅಣು ಪರೀಕ್ಷೆ ಮಾಡ್ತು. ನೆಲದಡಿ ಪರೀಕ್ಷೆ ಮಾಡಿದ್ರೆ ದೂರದಲ್ಲಿ ಕೂತು ಪತ್ತೆ ಹಚ್ಚಕ್ಕಾಗುತ್ತಾ ಅನ್ನೋದು ಆಗ ದೊಡ್ಡ ವಾದ, ಯಾಕಂದ್ರೆ ಪತ್ತೆ ಹಚ್ಚಕ್ಕಾಗುತ್ತೆ ಅಂದ್ರೆ ರಷ್ಯಾ ಜೊತೆ ಪರೀಕ್ಷೆ ನಿಲ್ಲಿಸೋ ಒಪ್ಪಂದ ಮಾಡ್ಕೋಬಹುದು, ಆಗಲ್ಲ ಅಂದ್ರೆ ಒಪ್ಪಂದಕ್ಕೆ ಅರ್ಥ ಇಲ್ಲ. ಅಣುಶಕ್ತಿ ಆಯೋಗ 1958ರಲ್ಲಿ ಕೊಟ್ಟ ವರದೀಲಿ, ಆ ಪರೀಕ್ಷೆ 200 ಮೈಲಿ ಆಚೆ ಯಾರಿಗೂ ಗೊತ್ತಾಗಲಿಲ್ಲ ಅಂತ ಬರೆದ್ರು. ಸ್ಟೋನ್‌ಗೆ ನೆನಪಿತ್ತು, ಪರೀಕ್ಷೆ ಆದ ಮಾರನೇ ದಿನವೇ ಟೊರಾಂಟೊ, ರೋಮ್, ಟೋಕಿಯೋದಲ್ಲೆಲ್ಲ ಕಂಪನ ದಾಖಲಾಗಿದೆ ಅಂತ ಪತ್ರಿಕೇಲಿ ಚಿಕ್ಕ ಚಿಕ್ಕ ಸುದ್ದಿ ಬಂದಿತ್ತು, ಅವರು ಅದನ್ನ ಎತ್ತಿಟ್ಟಿದ್ರು. ಸರ್ಕಾರದ್ದೇ ಭೂಕಂಪ ಮಾಪನ ಇಲಾಖೆಗೆ ಹೋಗಿ ಕೇಳಿದ್ರು. ಅಲ್ಲಿನ ವಿಜ್ಞಾನಿಗಳು ಪಟ್ಟಿ ತೆಗೆದು ತೋರಿಸಿದ್ರು, 2,600 ಮೈಲಿ ದೂರದ ಅಲಾಸ್ಕಾದಲ್ಲೂ ದಾಖಲಾಗಿತ್ತು. ಆಯೋಗ ತನ್ನ ವರದಿ ತಿದ್ದಬೇಕಾಯ್ತು.

ಒಬ್ಬ ಮನುಷ್ಯ, ನಾಲ್ಕು ಪುಟ, ವರ್ಷಕ್ಕೆ 5 ಡಾಲರ್. 1971ರಲ್ಲಿ ಆರೋಗ್ಯ ಸರಿ ಇಲ್ಲ ಅಂತ ನಿಲ್ಲಿಸಿದಾಗ ಚಂದಾದಾರರು ಸುಮಾರು 70,000 ಇದ್ರು. ಇದನ್ನ ಇಷ್ಟು ಬಿಡಿಸಿ ಹೇಳಿದ್ದು ಯಾಕಂದ್ರೆ, ಇವತ್ತು ಇಮೇಲ್ ನ್ಯೂಸ್‌ಲೆಟರ್ ಅಂದ ತಕ್ಷಣ ನಾವು ಟೆಕ್ನಾಲಜಿ ಬಗ್ಗೆ ಮಾತಾಡ್ತೀವಿ, ಯಾವ ಆ್ಯಪು, ಯಾವ ಕಂಪನಿ ಅಂತ. ಬರೆಯೋರಿಗೆ ಓದೋರೇ ಸಂಬಳ ಕೊಡೋದು, ನಡುವೆ ಬೇರೆ ಯಾರೂ ಇಲ್ಲದಿರೋದು, ಅದು ಅಂಚೆ ಕಾಲದಲ್ಲೇ ಇತ್ತು. ಇಮೇಲ್ ಬಂದು ಮಾಡಿದ್ದು ಇಷ್ಟೇ, ಪ್ರಿಂಟಿಂಗ್ ಖರ್ಚು ತೆಗೀತು, ಅಂಚೆ ಖರ್ಚು ತೆಗೀತು.

ಈಗಿನ ಕಾಲಕ್ಕೆ ಬಂದ್ರೆ, ದಾರಿ ತೋರಿಸಿದ್ದು ಬೆನ್ ಥಾಮ್ಸನ್ ಅನ್ನೋರು. ತೈವಾನಿನ ತೈಪೇಲಿ ಕೂತ್ಕೊಂಡು ಅಮೆರಿಕದ ಟೆಕ್ ಕಂಪನಿಗಳ ಬಗ್ಗೆ ಬರೀತಿದ್ರು, ಸ್ಟ್ರಾಟೆಕರಿ ಅಂತ ಹೆಸರು, 2013ರಲ್ಲಿ ಶುರು, 2014ರಲ್ಲಿ ಚಂದಾ ಇಟ್ರು, ಆಗ ತಿಂಗಳಿಗೆ 10 ಡಾಲರ್. ವಾರಕ್ಕೊಂದು ಲೇಖನ ಎಲ್ಲರಿಗೂ ಪುಕ್ಕಟೆ, ದಿನಾ ಕಳಿಸೋದು ಮಾತ್ರ ದುಡ್ಡು ಕಟ್ಟಿದವರಿಗೆ. ಅದನ್ನ ನೋಡಿ, ಹೀಗೆ ಯಾರು ಬೇಕಾದ್ರೂ ಮಾಡ್ಬಹುದಾದ್ರೆ ಹೇಗಿರುತ್ತೆ ಅಂತ 2017ರಲ್ಲಿ ಮೂರು ಜನ ಸೇರಿ ಸಬ್‌ಸ್ಟ್ಯಾಕ್ ಕಟ್ಟಿದ್ರು, ಕ್ರಿಸ್ ಬೆಸ್ಟ್, ಹೇಮಿಶ್ ಮೆಕೆಂಜಿ, ಜೈರಾಜ್ ಸೇಠಿ. ಅವರ ಮೊದಲ ಬರಹಗಾರ ಬಿಲ್ ಬಿಷಪ್, ಬೀಜಿಂಗ್‌ನಲ್ಲಿ ವರ್ಷಗಟ್ಲೆ ಇದ್ದು ಬಂದೋರು, ಚೀನಾದ ರಾಜಕೀಯ ವ್ಯವಹಾರ ಎಲ್ಲ ಜಾಲಾಡಿ ಸಿನೋಸಿಸಂ ಅಂತ ಇಮೇಲ್ ಕಳಿಸ್ತಿದ್ರು, ಅಲ್ಲೀತನಕ ಪುಕ್ಕಟೆ. 2017ರ ಅಕ್ಟೋಬರ್‌ನಲ್ಲಿ ಚಂದಾ ಇಟ್ಟ ಮೊದಲ ದಿನವೇ ಬಂದ ಹಣ ಲಕ್ಷ ಡಾಲರ್ ಮುಟ್ಟಿತು. ಒಂದೇ ದಿನದಲ್ಲಿ ಆಗಿದ್ದು ಅಂತ ಅನ್ಸುತ್ತೆ, ಆದ್ರೆ ಅದರ ಹಿಂದೆ ವರ್ಷಗಟ್ಲೆ ಪುಕ್ಕಟೆ ಬರೆದಿದ್ದು ಇದೆ. ಇದನ್ನ ಪತ್ರಿಕೋದ್ಯಮ ಓದ್ತಿರೋ ಹುಡುಗ ಹುಡುಗೀರು ಗಮನಿಸಿ, ನಿಮಗೆ ಯಾರಾದ್ರೂ ಮೂರು ತಿಂಗಳಲ್ಲಿ ನ್ಯೂಸ್‌ಲೆಟರ್‌ನಿಂದ ದುಡಿಮೆ ಅಂತ ಕೋರ್ಸ್ ಮಾರೋಕೆ ಬಂದ್ರೆ ದಯವಿಟ್ಟು ತಗೋಬೇಡಿ.

ಲೆಕ್ಕ ಒಂಚೂರು ನೋಡೋಣ. ತಿಂಗಳಿಗೆ 5 ಡಾಲರ್ ಇಟ್ರೆ ಸಬ್‌ಸ್ಟ್ಯಾಕ್ ನೂರಕ್ಕೆ ಹತ್ತು ತಗೊಳತ್ತೆ, ಅಂದ್ರೆ 50 ಸೆಂಟು, ಕಾರ್ಡ್ ಕಂಪನಿಗಳ ಕಡೆಗೆ ಹೆಚ್ಚುಕಡಿಮೆ 45 ಸೆಂಟು ಹೋಗುತ್ತೆ. ಬರೆದೋರ ಕೈಗೆ 4 ಡಾಲರ್ ಚಿಲ್ಲರೆ. ಒಂದು ಸಾವಿರ ಜನ ಕಟ್ಟಿದ್ರೆ ತಿಂಗಳಿಗೆ 4,000 ಡಾಲರ್. ಅಮೆರಿಕದ ದೊಡ್ಡ ಊರಲ್ಲಿ ಅದು ಸಾಧಾರಣ ಜೀವನ, ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಅದು ಬೇರೇನೇ ಲೆಕ್ಕ. ಪುಕ್ಕಟೆ ಓದೋರಲ್ಲಿ ನೂರಕ್ಕೆ 5ರಿಂದ 10 ಜನ ದುಡ್ಡು ಕಟ್ಟೋರಾಗ್ತಾರೆ ಅಂತ ಸಬ್‌ಸ್ಟ್ಯಾಕ್‌ನವರು ಹೇಳ್ತಾರೆ. ಅವರ ಮಾತು ಪೂರ್ತಿ ಒಪ್ಕೊಂಡ್ರೂ ಒಂದು ಸಾವಿರ ಜನ ಕಟ್ಬೇಕು ಅಂದ್ರೆ ಹತ್ತಿಪ್ಪತ್ತು ಸಾವಿರ ಜನ ಮೊದಲು ಓದ್ತಿರಬೇಕು.

ಸರಿ, ಬರೆಯೋರಿಗೆ ಇದರ ಮೇಲೆ ಯಾಕೆ ಇಷ್ಟು ಆಸೆ? ದುಡ್ಡು ಒಂದು. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಆಗಲೇ ಹೇಳಿದ ವಿಳಾಸದ ಪಟ್ಟಿ. 2020ರ ಜೂನ್ 29 ನೆನಪಿದೆಯಾ, ರಾತ್ರೋರಾತ್ರಿ ಟಿಕ್‌ಟಾಕ್ ಬ್ಯಾನ್ ಆಯ್ತು. ಅದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಮ್ಮ ಹಳ್ಳಿಗಳಲ್ಲಿ ಲಕ್ಷ ಲಕ್ಷ ಫಾಲೋವರ್ಸ್ ಇಟ್ಕೊಂಡಿದ್ದ ಹುಡುಗರಿಗೆ ಬೆಳಿಗ್ಗೆ ಎದ್ದಾಗ ಒಬ್ಬನೂ ಇರಲಿಲ್ಲ, ಅವರ ಹೆಸರಾಗಲಿ ನಂಬರಾಗಲಿ ಇವರ ಹತ್ರ ಇಲ್ಲ, ನಾನು ಈಗ ಇಲ್ಲಿದೀನಿ ಕಣ್ರಪ್ಪಾ ಅಂತ ಹೇಳಿ ಕಳಿಸೋಕೂ ದಾರಿ ಇಲ್ಲ. ಫೇಸ್‌ಬುಕ್ 2018ರ ಜನವರೀಲಿ ಸುದ್ದಿಗಿಂತ ಮನೆಯೋರ, ಸ್ನೇಹಿತರ ಪೋಸ್ಟ್‌ಗಳಿಗೇ ಜಾಸ್ತಿ ಜಾಗ ಅಂತ ಫೀಡ್ ಬದಲಾಯಿಸ್ತು, ಅಲ್ಲೀವರೆಗೆ ಅದನ್ನೇ ನಂಬಿದ್ದ ಸುದ್ದಿ ಸಂಸ್ಥೆಗಳಿಗೆ ಓದುಗರು ಬರೋದೇ ಕಮ್ಮಿ ಆಯ್ತು. ಇಮೇಲ್ ಪಟ್ಟೀಲಿ ಹಾಗಲ್ಲ. ಅದು ಒಂದು ಸಾದಾ ಫೈಲು, ಡೌನ್‌ಲೋಡ್ ಮಾಡ್ಕೊಂಡು ಬೇರೆ ಕಂಪನಿಗೆ ತಗೊಂಡು ಹೋಗ್ಬಹುದು.

ತಗೊಂಡು ಹೋಗಿದಾರೆ ಕೂಡ. ಕೇಸಿ ನ್ಯೂಟನ್ ಅಂತ ಒಬ್ರು, 2020ರಲ್ಲಿ ದ ವರ್ಜ್ ಅನ್ನೋ ಟೆಕ್ ಸುದ್ದಿ ವೆಬ್‌ಸೈಟ್ ಬಿಟ್ಟು ಬಂದು ಪ್ಲಾಟ್‌ಫಾರ್ಮರ್ ಅನ್ನೋ ನ್ಯೂಸ್‌ಲೆಟರನ್ನ ಸಬ್‌ಸ್ಟ್ಯಾಕ್‌ನಲ್ಲಿ ಶುರು ಮಾಡಿದ್ರು. 2023ರ ಕೊನೇಲಿ ಸಬ್‌ಸ್ಟ್ಯಾಕ್ ನಾಜಿ ಪ್ರಚಾರದ ಬರಹಗಳಿಗೂ ಜಾಗ ಕೊಟ್ಟು ಅದರಿಂದ ದುಡ್ಡೂ ಮಾಡ್ತಿದೆ ಅಂತ ದೊಡ್ಡ ಗಲಾಟೆ ಆಯ್ತು. ಕಂಪನಿ ತನ್ನ ನೀತಿ ಬದಲಾಯಿಸಲ್ಲ ಅಂದ್ಮೇಲೆ, 2024ರ ಜನವರೀಲಿ ನ್ಯೂಟನ್ ತಮ್ಮ ಪಟ್ಟಿ ಪೂರ್ತಿ ಎತ್ಕೊಂಡು ಘೋಸ್ಟ್‌ಗೆ ಹೋದ್ರು. ಘೋಸ್ಟ್ ಅನ್ನೋದು 2013ರಲ್ಲಿ ಶುರುವಾದ ಲಾಭರಹಿತ ಸಂಸ್ಥೆಯ ಸಾಫ್ಟ್‌ವೇರ್, ಚಂದಾದಲ್ಲಿ ಪಾಲು ಕೇಳಲ್ಲ, ತಿಂಗಳ ಬಾಡಿಗೆ ತಗೊಳತ್ತೆ. ಲಕ್ಷಕ್ಕೂ ಮೇಲೆ ಓದುಗರು ಜೊತೆಗೇ ಹೋದ್ರು, ಹೆಚ್ಚಿನೋರಿಗೆ ಇಮೇಲ್ ಮಾಮೂಲಿನಂತೆ ಬಂತು ಅಷ್ಟೇ. ಯೂಟ್ಯೂಬಲ್ಲಿ ಇರೋ ಯಾರಾದ್ರೂ ನಾಳೆ ಸಿಟ್ಟು ಮಾಡ್ಕೊಂಡು ಹೀಗೆ ಎದ್ದು ಹೋಗೋಕೆ ಸಾಧ್ಯ ಇದೆಯಾ ಯೋಚನೆ ಮಾಡಿ. ಟ್ವಿಟರ್ ಕೂಡ 2021ರಲ್ಲಿ ರೆವ್ಯೂ ಅಂತ ಒಂದು ನ್ಯೂಸ್‌ಲೆಟರ್ ಕಂಪನಿ ಕೊಂಡ್ಕೊಂಡು 2023ರ ಜನವರೀಲಿ ಮುಚ್ಚಿಬಿಡ್ತು, ಅಲ್ಲಿದ್ದೋರು ಪಟ್ಟಿ ಇಳಿಸ್ಕೊಂಡು ಬೇರೆ ಕಡೆ ಹೋದ್ರು.

ಓದೋರ ಕಡೆಯಿಂದ ನೋಡಿದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಏನಂದ್ರೆ, ಅದು ಮುಗಿಯುತ್ತೆ. ಓದಿದ್ವಿ, ಕೊನೆ ಸಾಲು ಬಂತು, ಆಯ್ತು. ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು ಅಂತ ಕೆಳಗೆ ಎಳ್ಕೊಂಡು ಹೋಗೋದಿಲ್ಲ. ಇನ್ನೊಂದು, ರಿಪ್ಲೈ ಒತ್ತಿದ್ರೆ ನಿಮ್ಮ ಮಾತು ನೇರ ಬರೆದೋರಿಗೆ ಹೋಗುತ್ತೆ, ಎಷ್ಟೋ ಜನ ಉತ್ತರಾನೂ ಬರೀತಾರೆ. ಹೆದರ್ ಕಾಕ್ಸ್ ರಿಚರ್ಡ್‌ಸನ್ ಅಂತ ಬಾಸ್ಟನ್ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್, 2019ರಿಂದ ಆವತ್ತಿನ ರಾಜಕೀಯಾನ ಹಳೇ ಇತಿಹಾಸದ ಜೊತೆ ಇಟ್ಟು ಪತ್ರ ಬರೀತಾರೆ. ಅವರ ಪತ್ರ ಎಲ್ಲರಿಗೂ ಪುಕ್ಕಟೆ. ದುಡ್ಡು ಕಟ್ಟಿದೋರಿಗೆ ಸಿಗೋದು ಕಾಮೆಂಟ್ ಹಾಕೋ ಅವಕಾಶ, ಅಷ್ಟೇ. ಆದ್ರೂ ಸಬ್‌ಸ್ಟ್ಯಾಕ್‌ನಲ್ಲಿ ಅತಿ ಹೆಚ್ಚು ಚಂದಾ ಬರೋರಲ್ಲಿ ಅವರೂ ಒಬ್ರು. ಪುಕ್ಕಟೆ ಸಿಗೋದಕ್ಕೆ ಯಾಕಪ್ಪ ಕೊಡ್ತಾರೆ ಅಂದ್ರೆ, ಇವರು ಬರೀತಾ ಇರ್ಬೇಕು, ನಾನು ಕೊಟ್ರೆ ಕೊಡಕ್ಕಾಗದೇ ಇರೋನೂ ಓದ್ತಾನೆ, ಅನ್ನೋ ಭಾವನೆ ಜನರಲ್ಲಿ ಇದೆ. ಜನರ ಬಗ್ಗೆ ನಾವು ಅನ್ಕೊಂಡಿರೋದಕ್ಕಿಂತ ಅವರು ಒಳ್ಳೆಯೋರು.

ನಮ್ಮಲ್ಲಿ ಈ ಭಾವನೆ ಇಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿದ್ದು, ಜಿ.ಬಿ. ಜೋಶಿಯವರು ಚಂದಾದಾರರನ್ನ ನಂಬ್ಕೊಂಡೇ ಕಟ್ಟಿದ್ರು. ವರ್ಷದ ಚಂದಾ ಮೊದಲೇ ಕೊಡೋದು, ಆಮೇಲೆ ಪುಸ್ತಕ ಮನೆಗೆ ಬರೋದು, ಯಾವ ಪುಸ್ತಕ ಬರುತ್ತೆ ಅಂತ ನೋಡ್ಕೊಂಡು ಕೊಟ್ಟಿದ್ದಲ್ಲ, ಇವರು ಒಳ್ಳೇದೇ ಕಳಿಸ್ತಾರೆ ಅಂತ ಕೊಟ್ಟಿದ್ದು. ಧಾರವಾಡಕ್ಕೆ ಹೋದ್ರೆ ಸುಭಾಸ್ ರಸ್ತೆಯಲ್ಲಿರೋ ಗ್ರಂಥಮಾಲೆಯ ಅಟ್ಟ ಹತ್ತಿ ನೋಡಿ ಬನ್ನಿ, ಕನ್ನಡದ ಎಷ್ಟು ದೊಡ್ಡ ದೊಡ್ಡೋರು ಆ ಮೆಟ್ಟಿಲು ಹತ್ತಿದಾರೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ತಗೊಳ್ದೆ, ಅಂಗಡೀಲಿ ಜನ ಕೊಟ್ಟ ದುಡ್ಡಿನ ಮೇಲೇ ನಡೀತು. ಜಾಹೀರಾತು ಕೊಡೋರು ಯಾರೂ ಇಲ್ಲ ಅಂದ್ರೆ ಮುನಿಸ್ಕೊಳ್ಳೋರೂ ಇಲ್ಲ. ಒಬ್ಬ ಮಂತ್ರಿ ಬಗ್ಗೆ ಬರೆಯೋ ಮುಂಚೆ ಸರ್ಕಾರಿ ಜಾಹೀರಾತು ನಿಂತೋಗುತ್ತಾ ಅಂತ ಯೋಚಿಸಬೇಕಾದ ಪತ್ರಿಕೆಗೂ, ಹಾಗೆ ಯೋಚಿಸಬೇಕಾಗಿಲ್ಲದ ಪತ್ರಿಕೆಗೂ ಇರೋ ವ್ಯತ್ಯಾಸ ಕನ್ನಡದ ಓದುಗರಿಗೆ ಚೆನ್ನಾಗಿ ಗೊತ್ತು. ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ದ ಕೆನ್ ಶುರುವಾಯ್ತು, ಇಂಗ್ಲಿಷ್‌ನಲ್ಲಿ, ಬಿಸಿನೆಸ್ ಬಗ್ಗೆ ದಿನಕ್ಕೊಂದು ಆಳವಾದ ವರದಿ, ಚಂದಾದ ಮೇಲೆ. ಅದು ನಡೀತಿದೆ.

ಈಗ ಇದರ ತೊಂದರೆಗಳು, ಇದನ್ನ ಮುಚ್ಚಿಡೋದು ಸರಿಯಲ್ಲ. ಮೊದಲನೇದು, ದುಡ್ಡು ಹೆಚ್ಚಾಗಿ ಹೋಗೋದು ಆಗಲೇ ಹೆಸರು ಮಾಡಿರೋರಿಗೆ. ಸಬ್‌ಸ್ಟ್ಯಾಕ್ ತಾನೇ ಒಂದು ಕಾಲದಲ್ಲಿ ಹೆಸರಾದವರಿಗೆ ಮುಂಗಡ ಕೊಟ್ಟು ಕರ್ಕೊಂಡು ಬಂತು, ಮ್ಯಾಥ್ಯೂ ಇಗ್ಲೇಸಿಯಸ್ ಅನ್ನೋ ಪತ್ರಕರ್ತರಿಗೆ ಕೊಟ್ಟಿದ್ದು ಎರಡೂವರೆ ಲಕ್ಷ ಡಾಲರ್. ಹೆಸರಿಲ್ಲದೆ ಇರೋ ಹೊಸಬರಿಗೆ ಪತ್ರಿಕೇಲಿ ಇರ್ತಿದ್ದಂಗೆ ತಿದ್ದೋ ಸಂಪಾದಕರಿಲ್ಲ, ತಿಂಗಳ ಸಂಬಳ ಇಲ್ಲ, ಜ್ವರ ಬಂದ್ರೆ ರಜೆ ಇಲ್ಲ. ಎರಡನೇದು ಸ್ವಲ್ಪ ಸೂಕ್ಷ್ಮ. ದುಡ್ಡು ಕೊಡೋ ಓದುಗರಿಗೆ ಬೇಜಾರಾಗೋ ಮಾತು ಬರೆಯೋಕೆ ಕೈ ಹಿಂಜರಿಯುತ್ತೆ. ಒಂದು ಪಕ್ಷದ ವಿರುದ್ಧ ಬರೆದು ಚಂದಾದಾರರನ್ನ ಸೇರಿಸ್ಕೊಂಡೋರು ಆ ಪಕ್ಷ ಏನಾದ್ರೂ ಒಳ್ಳೇದು ಮಾಡಿದ್ರೆ ಅದನ್ನ ಬರೆಯೋಕೆ ಎರಡು ಸಲ ಯೋಚಿಸ್ತಾರೆ. ಜಾಹೀರಾತುದಾರ ಒಬ್ಬ ಮುನಿಸ್ಕೊಂಡ್ರೆ ಗೊತ್ತಾಗುತ್ತೆ, ಸಾವಿರ ಓದುಗರ ಮುನಿಸು ಬರೆಯೋನ ತಲೆಯೊಳಗೆ ಕೂತು ಕೆಲಸ ಮಾಡುತ್ತೆ, ಅದನ್ನ ಹಿಡಿಯೋದು ಕಷ್ಟ. ಮತ್ತೆ ಓದೋರ ಜೇಬು. ನಮ್ಮ ದಿನಪತ್ರಿಕೆ ತಿಂಗಳಿಗೆ ಇನ್ನೂರು ಚಿಲ್ಲರೆಗೆ ನೂರಾರು ಜನರ ಕೆಲಸ ತಂದು ಬಾಗಿಲಿಗೆ ಹಾಕುತ್ತೆ, ಇಲ್ಲಿ ಒಬ್ಬರದ್ದಕ್ಕೇ ನಾನೂರು. ಐದು ಜನರದ್ದು ಓದ್ತೀನಿ ಅಂದ್ರೆ ಎರಡು ಸಾವಿರ ದಾಟುತ್ತೆ, ಯಾರ ಕೈಲಾಗುತ್ತೆ? ಒಳ್ಳೇ ಮಾಹಿತಿ ದುಡ್ಡಿದ್ದೋರಿಗೆ, ವಾಟ್ಸ್ಆ್ಯಪ್ ಫಾರ್ವರ್ಡು ಉಳಿದೋರಿಗೆ ಅಂತ ಆಗಬಾರದು. ಈ ಚಿಂತೆ ನನಗೆ ನಿಜವಾಗ್ಲೂ ಇದೆ, ರಿಚರ್ಡ್‌ಸನ್ ಥರ ಎಲ್ಲಾ ಪುಕ್ಕಟೆ ಬಿಟ್ಟು ಕೊಡೋರು ಕೊಡ್ಲಿ ಅನ್ನೋ ದಾರಿ ನನಗೆ ಜಾಸ್ತಿ ಹಿಡಿಸೋದು ಅದಕ್ಕೇ.

ಒಬ್ಬೊಬ್ರೇ ಕೂತು ಅಭಿಪ್ರಾಯ ಬರೀಬಹುದು, ಕೋರ್ಟಿಗೆ ಹೋಗಿ ಕೂರೋರು, ಕಡತ ತೆಗೆಸೋರು ಯಾರು ಅನ್ನೋ ಪ್ರಶ್ನೆ ಯಾವಾಗ್ಲೂ ಬರುತ್ತೆ. ಅದಕ್ಕೆ ನನ್ನ ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರ್. 2020ರ ಜೂನ್‌ನಲ್ಲಿ, ಕೋವಿಡ್ ಮಧ್ಯೆ, ಜೋಶಿ ಹರ್ಮನ್ ಅನ್ನೋ ಪತ್ರಕರ್ತ ದ ಮಿಲ್ ಅಂತ ಒಂದು ಇಮೇಲ್ ಪತ್ರ ಶುರು ಮಾಡಿದ್ರು. ವಿಷಯ ಬರೀ ಮ್ಯಾಂಚೆಸ್ಟರ್, ಬೇರೆ ಏನೂ ಇಲ್ಲ. ಚಂದಾ ಆಗ ತಿಂಗಳಿಗೆ 7 ಪೌಂಡ್. ಊರಿನ ಪತ್ರಿಕೆ ಅಂದ್ರೆ ಕ್ರೈಮು, ಫುಟ್‌ಬಾಲು, ಮಧ್ಯೆ ಮಧ್ಯೆ ಪಾಪ್-ಅಪ್ ಜಾಹೀರಾತು ಅಂತ ಆಗಿಹೋಗಿದ್ದ ಕಾಲದಲ್ಲಿ ಇವರು ವಾರಕ್ಕೆ ಕೆಲವೇ ಬರಹ, ಉದ್ದುದ್ದ, ಊರೆಲ್ಲ ಓಡಾಡಿ ಬರೆದಿದ್ದು ಕಳಿಸೋಕೆ ಶುರು ಮಾಡಿದ್ರು. ಜನ ಕಟ್ಟಿದ್ರು. ಆ ದುಡ್ಡಲ್ಲಿ ವರದಿಗಾರರನ್ನ ತಗೊಂಡ್ರು, ಶೆಫೀಲ್ಡ್, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್‌ಗಳಲ್ಲೂ ಆಯಾ ಊರಿನದೇ ಪತ್ರಗಳು ಹುಟ್ಕೊಂಡ್ವು, ಆಮೇಲೆ ಗ್ಲಾಸ್ಗೋ, ಲಂಡನ್. 2024ರಲ್ಲಿ ದ ಮಿಲ್ ಒಂದು ತನಿಖಾ ವರದಿ ಮಾಡ್ತು, ಮೇಯರ್‌ಗೆ ಸಲಹೆಗಾರರಾಗಿದ್ದ ಒಬ್ಬ ದೊಡ್ಡ ವ್ಯಕ್ತಿಯ ಕಂಪನಿಗೆ ಕೋವಿಡ್ ಕಾಲದಲ್ಲಿ, ಕಲೆಗೆ ಸರ್ಕಾರದ ದುಡ್ಡು ಹಂಚೋ ಆರ್ಟ್ಸ್ ಕೌನ್ಸಿಲ್‌ನಿಂದ ಸಿಕ್ಕ 4 ಲಕ್ಷ ಪೌಂಡ್ ಅನುದಾನದ ಬಗ್ಗೆ, ಅರ್ಜೀಲಿ ಬರೆದಿರೋದು ಸರಿ ಇಲ್ಲ ಅಂತ. ಕೇಸ್ ಹಾಕ್ತೀವಿ ಅಂತ ಬೆದರಿಕೆ ಬಂತು. ಅವರು ಬರಹ ತೆಗೀಲಿಲ್ಲ, ಮತ್ತೆ ಮತ್ತೆ ಬರೆದ್ರು. 2025ರ ಜನವರೀಲಿ ಆರ್ಟ್ಸ್ ಕೌನ್ಸಿಲ್ ಅನುದಾನ ವಾಪಸ್ ಕೇಳ್ತು, ಆ ಸಲಹೆಗಾರರು ರಾಜೀನಾಮೆ ಕೊಟ್ರು. ಇದನ್ನ ಮಾಡಿಸಿದ್ದು ತಿಂಗಳಿಗೆ ಇಷ್ಟು ಅಂತ ಕಟ್ಟಿದ ಆ ಊರಿನ ಜನ.

ನಂಗೆ ಕನ್ನಡದಲ್ಲಿ ಬೇಕಾಗಿರೋದು ಇದು. ಅಮೆರಿಕದ ಹಾಗೆ ಸ್ಟಾರ್ ಬರಹಗಾರರಲ್ಲ, ಕಲಬುರಗಿಗೆ ಒಂದು, ಕಾರವಾರಕ್ಕೆ ಒಂದು, ತುಮಕೂರಿಗೆ ಒಂದು. ನಮ್ಮ ಜಿಲ್ಲಾ ಪುಟ ನೋಡಿ, ಉದ್ಘಾಟನೆ, ಸನ್ಮಾನ, ಅಪಘಾತ. ಜಿಲ್ಲಾಸ್ಪತ್ರೇಲಿ ಔಷಧಿ ಖರೀದಿ ಹೇಗಾಗುತ್ತೆ, ನಗರಸಭೆ ಟೆಂಡರ್ ಯಾರಿಗೆ ಹೋಗ್ತಿದೆ, ಕೆರೆ ಹೂಳೆತ್ತಿದ ಬಿಲ್ಲು ಎಷ್ಟು ಸಲ ಪಾಸಾಗಿದೆ ಅಂತ ಸ್ಟೋನ್ ಥರ ಕೂತು ಕಾಗದ ಓದೋ ಒಬ್ಬರು ಜಿಲ್ಲೆಗೆ ಬೇಕು. ತಿಂಗಳಿಗೆ 100 ರೂಪಾಯಿ ಇಡಿ, ಒಂದು ಜಿಲ್ಲೇಲಿ 500 ಜನ ಕಟ್ಟಿದ್ರೆ 50,000 ಆಯ್ತು. ಎಷ್ಟೋ ಜಿಲ್ಲಾ ವರದಿಗಾರರಿಗೆ ಇವತ್ತು ಅಷ್ಟು ಸಂಬಳ ಇಲ್ಲ. ಮೇಷ್ಟ್ರುಗಳು, ವಕೀಲರು, ಡಾಕ್ಟರು, ನಿವೃತ್ತರಾದೋರು, ಊರು ಬಿಟ್ಟು ಬೆಂಗಳೂರಲ್ಲೋ ದುಬೈನಲ್ಲೋ ಇದ್ರೂ ಊರಿನ ಸುದ್ದಿಗೆ ಜೀವ ಬಿಡೋರು, 500 ಜನ ಸಿಗಲ್ಲ ಅಂತ ನಾನು ನಂಬಲ್ಲ.

ಅಡ್ಡಿ ಇರೋದು ಬೇರೆ ಕಡೆ. ಸಬ್‌ಸ್ಟ್ಯಾಕ್ ಆಗಲಿ ಘೋಸ್ಟ್ ಆಗಲಿ ಚಂದಾ ವಸೂಲಿ ಮಾಡೋದು ಸ್ಟ್ರೈಪ್ ಅನ್ನೋ ಕಂಪನಿ ಮೂಲಕ, ಅದು ಭಾರತದಲ್ಲಿ 2024ರಿಂದ ಹೊಸಬರಿಗೆ ಆಹ್ವಾನ ಇದ್ರೆ ಮಾತ್ರ ಖಾತೆ ಕೊಡುತ್ತೆ. ಅದಕ್ಕೂ ಮುಂಚೆ, 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಬಂದು, ಕಾರ್ಡ್‌ನಿಂದ ಪ್ರತಿ ತಿಂಗಳು ತಾನಾಗೇ ದುಡ್ಡು ಹೋಗಬೇಕಂದ್ರೆ ಗ್ರಾಹಕರು ಮೊದಲು ಓಟಿಪಿ ಕೊಟ್ಟು ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಸಲ ಕಡಿತಕ್ಕೆ ಒಂದು ದಿನ ಮೊದಲು ತಿಳಿಸಬೇಕು ಅಂತಾಯ್ತು, ವಿದೇಶಿ ಚಂದಾಗಳು ಎಷ್ಟೋ ನಿಂತೇ ಹೋದ್ವು. ಗ್ರಾಹಕರಿಗೆ ಆ ನಿಯಮದಿಂದ ಒಳ್ಳೇದಾಗಿದೆ, ನಾನು ಅದರ ವಿರುದ್ಧ ಇಲ್ಲ. ಆದ್ರೆ ಬರೆಯೋರು ಬೇರೆ ದಾರಿ ಹಿಡೀಬೇಕು. ಯುಪಿಐ ಆಟೋಪೇ 2020ರಿಂದಲೇ ಇದೆ, ಆನ್‌ಲೈನಲ್ಲಿ ದುಡ್ಡು ವಸೂಲಿ ಮಾಡ್ಕೊಡೋ ನಮ್ಮ ಪೇಮೆಂಟ್ ಗೇಟ್‌ವೇ ಕಂಪನಿಗಳಲ್ಲಿ ಚಂದಾ ಪುಟ ಮಾಡ್ಕೋಬಹುದು, ಕಟ್ಟಿದೋರ ಇಮೇಲನ್ನ ಪಟ್ಟಿಗೆ ಕೈಯಾರೆ ಸೇರಿಸ್ಕೋಬಹುದು. 500 ಜನಕ್ಕೆ ಅದೇನು ಆಗದ ಕೆಲಸ ಅಲ್ಲ, ಎಸ್ತರ್ ಸ್ಟೋನ್ ಅಂಥ ಕೆಲಸಾನ ಕಂಪ್ಯೂಟರ್ ಇಲ್ಲದೆ ಮಾಡಿದ್ರು. ತಿಂಗಳ ಬದಲು ವರ್ಷದ ಚಂದಾ ಇಟ್ರೆ ಇನ್ನೂ ಸಲೀಸು, ನಮ್ಮ ಜನಕ್ಕೆ ವರ್ಷದ ಚಂದಾ ಅಭ್ಯಾಸಾನೂ ಇದೆ.

ಕನ್ನಡದೋರು ಇಮೇಲ್ ಎಲ್ಲಿ ನೋಡ್ತಾರೆ, ವಾಟ್ಸ್ಆ್ಯಪ್‌ನಲ್ಲೇ ಕಳಿಸಬಾರದಾ ಅಂತ ಆಗಲೇ ಸಭೇಲಿ ಹಿಂದೆ ಕೂತಿರೋ ಒಬ್ರು ಕೇಳಿದ್ರು. ನ್ಯಾಯವಾದ ಪ್ರಶ್ನೆ. 2023ರಿಂದ ವಾಟ್ಸ್ಆ್ಯಪ್ ಚಾನೆಲ್ ಇದೆ, ಲಕ್ಷಾಂತರ ಜನಕ್ಕೆ ಕಳಿಸಬಹುದು, ಆದ್ರೆ ಅಲ್ಲಿ ಫಾಲೋ ಮಾಡೋರ ನಂಬರ್ ನಿಮಗೆ ಕಾಣಲ್ಲ, ಚಾನೆಲ್ ಹೋದ್ರೆ ಅವರೂ ಹೋದ್ರು. ಸಬ್‌ಸ್ಟ್ಯಾಕ್ ಕೂಡ 2022ರಲ್ಲಿ ಆ್ಯಪ್ ಬಿಟ್ಟು, 2023ರಲ್ಲಿ ನೋಟ್ಸ್ ಅಂತ ಟ್ವಿಟರ್ ಥರದ್ದು ಬಿಟ್ಟು, ಈಗ ಸಬ್‌ಸ್ಕ್ರೈಬ್ ಜೊತೆಗೆ ಬರೀ ಫಾಲೋ ಮಾಡೋ ಬಟನ್ನೂ ಇಟ್ಟಿದೆ, ಫಾಲೋ ಮಾಡಿದೋರ ಇಮೇಲ್ ಬರೆಯೋರಿಗೆ ಸಿಗಲ್ಲ, ಇದು ನನಗೆ ಒಳ್ಳೇ ಲಕ್ಷಣ ಅನ್ಸಲ್ಲ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ ನೋಡಿ ಅಂತ ತಿಳಿಸಿ, ಧಾರಾಳವಾಗಿ ಬಳಸಿ, ಪತ್ರ ಮಾತ್ರ ಇಮೇಲಿಗೇ ಹೋಗ್ಲಿ. ಮೊದಲ ಪತ್ರದಲ್ಲೇ ಓದುಗರಿಗೆ ಹೇಳಿ, ಜಿಮೇಲ್‌ನಲ್ಲಿ ಪ್ರೊಮೋಷನ್ಸ್ ಟ್ಯಾಬಿಗೆ ಹೋಗಿದ್ರೆ ಎಳೆದು ಪ್ರೈಮರಿಗೆ ಹಾಕ್ಕೊಳ್ಳಿ, ಒಂದು ಸಾಲು ರಿಪ್ಲೈ ಬರೀರಿ ಅಂತ, ರಿಪ್ಲೈ ಮಾಡಿದ್ರೆ ಮುಂದಿನ ಪತ್ರ ಕಳೆದುಹೋಗೋ ಸಾಧ್ಯತೆ ಕಮ್ಮಿ ಆಗುತ್ತೆ. ಚಂದಾ ಕೇಳೋಕೆ ಮುಂಚೆ ಆರು ತಿಂಗಳಾದ್ರೂ ಪುಕ್ಕಟೆ ಕಳಿಸಿ, ಹೇಳಿದ ದಿನ ಹೇಳಿದ ಹೊತ್ತಿಗೆ ತಪ್ಪದೆ. ಮತ್ತೆ ಯಾವ ಕಂಪನೀಲಿದ್ರೂ ಸರಿ, ಓದುಗರ ಪಟ್ಟೀನ ತಿಂಗಳಿಗೊಂದ್ಸಲ ಡೌನ್‌ಲೋಡ್ ಮಾಡಿ ನಿಮ್ಮ ಹತ್ರ ಇಟ್ಕೊಳ್ಳಿ.